ನಗೆಯ ಲೋಕಕ್ಕೊಂದು ಕೈಪಿಡಿ

ಆದಿಕೂರ್ಮ ಭೂಮಿಯನ್ನು ಹೊತ್ತಿದೆ, ಅಷ್ಟದಿಗ್ಗಜಗಳು ಎಂಟು ದಿಕ್ಕುಗಳನ್ನು ಕಾಯುತ್ತಿವೆ ಎಂಬುದನ್ನು ನೀವೆಲ್ಲ ಹಿರಿಯರ ಬಾಯಲ್ಲಿ ಕೇಳಿಯೇ ಇದ್ದೀರಿ. ಇಂಥದೇ ಚಿತ್ರವೊಂದರ ಮೇಲೆ ಇಂಗ್ಲೆಂಡಿನ ಟೆರ್ರಿ ಪ್ರ್ಯಾಚೆಟ್ ಒಂದು ನಗೆಯ ಲೋಕವನ್ನೇ ಕಟ್ಟಿದರು. ಆಕಾಶದಲ್ಲಿ ಈಜುವ ಮಹಾಕೂರ್ಮ, ಅದರ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ತಟ್ಟೆಯಂಥ ಭೂಮಿ. ‘ಡಿಸ್ಕ್‌ವರ್ಲ್ಡ್’ ಎಂಬ ಈ ಮಾಲೆಯಲ್ಲಿ 1983ರಿಂದ 2015ರವರೆಗೆ 41 ಕಾದಂಬರಿಗಳು ಬಂದವು.

ಇಷ್ಟು ವಿಸ್ತಾರವಾದ ಲೋಕದಲ್ಲಿ ಓದುಗನಿಗೆ ದಾರಿ ತೋರಿಸುವವರು ಬೇಡವೇ? ಆ ಕೆಲಸಕ್ಕೆ ಮುಂದಾದವರು ಸ್ಟೀಫನ್ ಬ್ರಿಗ್ಸ್. 1991ರಲ್ಲಿ ಈ ಮಾಲೆಯ ಒಂದು ಕಾದಂಬರಿಯನ್ನು ಅವರು ಆಬಿಂಗ್ಡನ್ ಊರಿನ ರಂಗದ ಮೇಲೆ ತಂದರು. 1993ರಲ್ಲಿ ಕತೆಯ ಮಹಾನಗರ ಆಂಕ್-ಮಾರ್ಪೋರ್ಕಿನ ನಕ್ಷೆ ಬಂತು. ಮರುವರ್ಷ, 1994ರಲ್ಲಿ, ಪ್ರ್ಯಾಚೆಟ್ ಮತ್ತು ಬ್ರಿಗ್ಸ್ ಸೇರಿ ಅಕ್ಷರಾನುಕ್ರಮದ ಕೈಪಿಡಿಯೊಂದನ್ನು ಹೊರತಂದರು: ‘ಡಿಸ್ಕ್‌ವರ್ಲ್ಡ್ ಕಂಪ್ಯಾನಿಯನ್’.

ಇದರ ಬಗ್ಗೆ ಓದುಗರಲ್ಲಿ ಒಮ್ಮತವಿಲ್ಲ. ಇಪ್ಪತ್ತನೆಯ ಕಾದಂಬರಿಯಿಂದ ಓದು ಆರಂಭಿಸಿದವನಿಗೆ, ವಿಶ್ವವಿದ್ಯಾನಿಲಯದ ಗ್ರಂಥಪಾಲಕ ಒರಾಂಗುಟಾನ್ ಏಕೆ ಎಂಬುದೇ ತಿಳಿಯದು. ಮಂತ್ರದ ಎಡವಟ್ಟಿನಿಂದ ಹಾಗಾಯಿತೆಂದು ಕೈಪಿಡಿ ಹೇಳುತ್ತದೆ. ಅವನಿಗೆ ಅದು ಉಪಕಾರ. ಆದರೆ ಇನ್ನೂ ಓದದ ಕತೆಯ ಗುಟ್ಟು ಬಯಲಾಯಿತೆಂದು ಮತ್ತೊಬ್ಬನಿಗೆ ಬೇಸರ. 2003 ಮತ್ತು 2012ರಲ್ಲಿ ಪರಿಷ್ಕೃತ ಮುದ್ರಣಗಳು ಬಂದಾಗ, ಹಳೆಯದಕ್ಕೂ ಹೊಸದಕ್ಕೂ ಎರಡು ಬಾರಿ ಹಣ ತೆರಬೇಕೇ ಎಂಬುದು ಮೂರನೆಯವನ ತಕರಾರು.

ಇವೆಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆ ಒಂದಿದೆ: ಹಾಸ್ಯವನ್ನು ವಿವರಿಸಿದರೆ ಹಾಸ್ಯ ಉಳಿದೀತೇ? 2012ರ ಮುದ್ರಣಕ್ಕಿಟ್ಟ ಹೆಸರನ್ನೇ ನೋಡಿ: ‘ಟರ್ಟಲ್ ರಿಕಾಲ್’. ‘ಟೋಟಲ್ ರಿಕಾಲ್’ ಎಂಬ ಚಲನಚಿತ್ರದ ಹೆಸರಿನಲ್ಲಿ ಆಮೆಯನ್ನು ಕೂರಿಸಿದ ಚಮತ್ಕಾರ ಇದು. ನಾನು ಬಿಡಿಸಿ ಹೇಳಿದೊಡನೆ ನಗೆಯ ಅರ್ಧ ಸೊಗಸು ಇಳಿದುಹೋಯಿತಲ್ಲವೇ?

ಪ್ರ್ಯಾಚೆಟ್ ಈ ಅಪಾಯವನ್ನು ಬಲ್ಲವರೇ. ಅವರು ಮೊದಮೊದಲು ತಮ್ಮ ಲೋಕಕ್ಕೆ ನಕ್ಷೆಯೇ ಬೇಡವೆಂದಿದ್ದರು. ಅದಕ್ಕೇ ಇರಬೇಕು, ಈ ಕೈಪಿಡಿ ಒಣ ಪದಕೋಶವಾಗಲಿಲ್ಲ. ಅದರ ವಿವರಣೆಯಲ್ಲೂ ಹೊಸ ನಗೆ ಬೆರೆತಿದೆ. ನಮ್ಮ ಗಮಕ ಕಾರ್ಯಕ್ರಮಗಳನ್ನು ನೆನಪಿಸಿಕೊಳ್ಳಿ. ಗಮಕಿ ವಾಚಿಸಿದ ಮೇಲೆ ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ಅವರು ರಸಿಕರಾಗಿದ್ದರೆ ಪದ್ಯದ ಸವಿ ಇಮ್ಮಡಿಯಾಗುತ್ತದೆ. ಬರಿಯ ಪಂಡಿತರಾಗಿದ್ದರೆ ಕೇಳುಗರು ಆಕಳಿಸುತ್ತಾರೆ.

ಪ್ರ್ಯಾಚೆಟ್ 2015ರಲ್ಲಿ ತೀರಿಕೊಂಡರು. ಮಾಲೆ ಮುಗಿದ ಮೇಲೆ 2021ರಲ್ಲಿ ಬ್ರಿಗ್ಸ್ ಕೈಪಿಡಿಯನ್ನು ಮತ್ತೊಮ್ಮೆ ವಿಸ್ತರಿಸಿ ಪ್ರಕಟಿಸಿದರು. ಹೊಸ ಕತೆ ಇನ್ನು ಬಾರದು. ಹಳೆಯದನ್ನು ಮರಳಿ ಓದುವವರಿಗೆ ಈಗ ಅದರ ಬೆಲೆ ಹೆಚ್ಚಿದೆ. ನೀವು ಹೊಸಬರಾದರೆ ಮೊದಲು ಕತೆಯನ್ನೇ ಓದಿ, ಮನಸಾರೆ ನಕ್ಕುಬಿಡಿ. ಕೈಪಿಡಿ ಆಮೇಲಾಗಲಿ. ಊಟಕ್ಕೆ ಮೊದಲೇ ತಾಂಬೂಲ ಹಾಕಿಕೊಳ್ಳುವವರುಂಟೇ?