ಎಪಿಸ್ಟ್ಯಾಕ್ಸಿಸ್

ಮೂಗಿನಿಂದ ನೆತ್ತರೊಸರುವುದಕ್ಕೆ ಪಾಶ್ಚಾತ್ಯ ವೈದ್ಯರು ಇಟ್ಟಿರುವ 'ಎಪಿಸ್ಟ್ಯಾಕ್ಸಿಸ್' ಎಂಬ ಹೆಸರು ಕಿವಿಗೆ ಎಷ್ಟೇ ಕರ್ಕಶವಾಗಿ ತೋರಿದರೂ, ಅದರ ಮೂಲವನ್ನರಸಿ ಪ್ರಾಚೀನ ಗ್ರೀಕ್ ಭಾಷೆಗೆ ಹೋದವನಿಗೆ ದೊರೆಯುವುದು ಅತ್ಯಂತ ಸರಳವಾದೊಂದು ಚಿತ್ರ: 'ಎಪಿ' ಎಂದರೆ ಮೇಲೆ, 'ಸ್ಟಾಜೈನ್' ಎಂದರೆ ತೊಟ್ಟಿಕ್ಕುವುದು. ಪದದಲ್ಲಿ ಮೂಗೂ ಇಲ್ಲ, ನೆತ್ತರೂ ಇಲ್ಲವೆಂಬುದೇ ಇಲ್ಲಿಯ ವಿಸ್ಮಯ. ಹಿಪೊಕ್ರಾಟಿಸನ ಹೆಸರಿನಲ್ಲಿರುವ ವೈದ್ಯಗ್ರಂಥಗಳಲ್ಲಿಯೇ ಈ ಧಾತು ಮೂಗಿನ ರಕ್ತಸ್ರಾವಕ್ಕೆ ಬಳಕೆಯಾದುದರಿಂದ, ಹೇಳದೆ ಉಳಿದ ಅರ್ಥವನ್ನು ರೂಢಿಯೇ ತುಂಬಿತು. ನಮ್ಮ ಆಯುರ್ವೇದವಾದರೋ ಇದನ್ನು ಊರ್ಧ್ವಗ, ಎಂದರೆ ಮೇಲ್ಮುಖವಾಗಿ ಹರಿಯುವ, ರಕ್ತಪಿತ್ತವೆಂಬ ರೋಗದಲ್ಲಿ ಸೇರಿಸಿ, ದೋಷವನ್ನೂ ಗತಿಯನ್ನೂ ಹೆಸರಿನಲ್ಲಿಯೇ ಸೂಚಿಸಿತು. 'ನಾಸಾರಕ್ತಸ್ರಾವ'ವೆಂಬ ಸಮಾಸ ನಮಗುಂಟು, ನಿಜ. ಆದರೆ ಗ್ರೀಕ್ ಧಾತುವಿನ ಜೀವಕ್ಕೆ ಕನ್ನಡದ 'ತೊಟ್ಟಿಕ್ಕು' ಎಂಬ ಕ್ರಿಯಾಪದವೇ ಹೆಚ್ಚು ಹತ್ತಿರವೆಂಬುದು ನನ್ನ ದೃಢವಾದ ಅಭಿಪ್ರಾಯ.