ಸೂಪಿನಲ್ಲಿ ಏನಿದೆ ಅಂತ ಕೇಳಿದ ಹುಡುಗ

ಆನ್‌ಸೈಟ್‌ಗೆ ಹೊರಟ ಸಸ್ಯಾಹಾರಿ ಗೆಳೆಯರ ಸೂಟ್‌ಕೇಸ್ ತೆಗೆದು ನೋಡಿ. ಅರ್ಧ ಬಟ್ಟೆ, ಇನ್ನರ್ಧ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ. ಇದೇನೂ ಹೊಸದಲ್ಲ ಬಿಡಿ. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗು ಹತ್ತಿದ 18ರ ಹುಡುಗ ಮೋಹನದಾಸ ಗಾಂಧಿ ಕೂಡ ಸಿಹಿತಿಂಡಿ, ಹಣ್ಣು ಕಟ್ಟಿಕೊಂಡೇ ಹೊರಟಿದ್ದು. ಊಟದ ಮೇಜಿಗೆ ಹೋಗಿ ಯಾವುದರಲ್ಲಿ ಮಾಂಸವಿಲ್ಲ ಅಂತ ಕೇಳೋಕೆ ಅವರಿಗೆ ಧೈರ್ಯವಿರಲಿಲ್ಲ. ಕ್ಯಾಬಿನ್ನಿನಲ್ಲೇ ಕೂತು ತಂದದ್ದನ್ನು ತಿಂದರು.

ಅವರ ಆತ್ಮಕಥೆಯ ಲಂಡನ್ ಅಧ್ಯಾಯಗಳನ್ನು ನಾನು ಓದುವುದು ಹಸಿದ ಹುಡುಗನೊಬ್ಬನ ಕತೆಯಾಗಿ.

ಮದ್ಯ, ಮಾಂಸ, ಹೆಣ್ಣು ಮುಟ್ಟುವುದಿಲ್ಲ ಅಂತ ತಾಯಿಗೆ ಮಾತು ಕೊಟ್ಟಿದ್ದರು. ಉಳಿದುಕೊಂಡಿದ್ದ ಗೆಳೆಯರ ಮನೆಯಲ್ಲಿ ಬೆಳಗ್ಗೆ ಓಟ್ಸ್ ಗಂಜಿ, ಉಳಿದೆರಡು ಹೊತ್ತು ಪಾಲಕ್, ಬ್ರೆಡ್, ಜಾಮ್. ಎರಡು ಮೂರು ತುಂಡು ಬ್ರೆಡ್ ಆದ ಮೇಲೆ ಇನ್ನೊಂದು ಕೇಳೋಕೆ ಸಂಕೋಚ. ಇಂಗ್ಲೆಂಡಿನಲ್ಲಿ 1847ರಿಂದಲೇ ಸಸ್ಯಾಹಾರಿ ಸಂಘವಿತ್ತು, ಲಂಡನ್ನಿನಲ್ಲಿ ಸಸ್ಯಾಹಾರಿ ಹೋಟೆಲುಗಳೂ ಇದ್ದವು. ದಿನಕ್ಕೆ 10-12 ಮೈಲಿ ನಡೆದು ಹುಡುಕಿದರು. ಕೊನೆಗೆ ಫ್ಯಾರಿಂಗ್ಡನ್ ಸ್ಟ್ರೀಟ್‌ನಲ್ಲಿ ಒಂದು ಸಿಕ್ಕಿತು. ಅಲ್ಲೇ ಮಾರಾಟಕ್ಕಿದ್ದ ಹೆನ್ರಿ ಸಾಲ್ಟ್ ಅವರ ಸಸ್ಯಾಹಾರದ ಪುಸ್ತಕವನ್ನು ಒಂದು ಶಿಲಿಂಗ್ ಕೊಟ್ಟು ಕೊಂಡು ಊಟಕ್ಕೆ ಕೂತರು. ಇಂಗ್ಲೆಂಡಿಗೆ ಬಂದ ಮೇಲೆ ಅದೇ ಮೊದಲ ಹೊಟ್ಟೆತುಂಬ ಊಟ! ಅಲ್ಲಿಯವರೆಗೆ ಅಮ್ಮನಿಗೆ ಕೊಟ್ಟ ಮಾತಾಗಿದ್ದದ್ದು ಆ ಪುಸ್ತಕ ಓದಿದ ಮೇಲೆ ಸ್ವಂತ ಆಯ್ಕೆಯಾಯಿತು.

ಹೋಟೆಲೇನೋ ಸಿಕ್ಕಿತು, ಆದರೆ ಗೆಳೆಯರ ಜೊತೆ ಊಟಕ್ಕೆ ಕೂರುವುದು ಅದಕ್ಕಿಂತ ಕಷ್ಟ ಅಲ್ವಾ? ಮಾಂಸ ತಿನ್ನದೆ ಸೊರಗಿಹೋಗುತ್ತಾನೆ ಅಂತ ನಿಜಕ್ಕೂ ಚಿಂತಿಸುತ್ತಿದ್ದ ಗೆಳೆಯರೊಬ್ಬರು, ನಾಟಕಕ್ಕೆ ಮುಂಚೆ ಅವರನ್ನು ಹಾಲ್‌ಬರ್ನ್ ರೆಸ್ಟೋರೆಂಟಿಗೆ ಕರೆದೊಯ್ದರು. ಅಷ್ಟು ದೊಡ್ಡ ಜಾಗದಲ್ಲಿ ಹುಡುಗ ಬಾಯಿ ಬಿಡಲಾರ ಅನ್ನೋ ಲೆಕ್ಕಾಚಾರ. ಮೊದಲು ಸೂಪ್ ಬಂತು. ಗಾಂಧಿ ಮಾಣಿಯನ್ನು ಕರೆದರು. ಯಾಕೆ ಅಂತ ಗೆಳೆಯರು ಕೇಳಿದಾಗ, ಇದು ಸಸ್ಯಾಹಾರಿ ಸೂಪೇ ಅಂತ ತಿಳಿಯಬೇಕಿತ್ತು ಅಂದರು. ಗೆಳೆಯರಿಗೆ ಸಿಟ್ಟು ನೆತ್ತಿಗೇರಿತು. ಎದ್ದು ಬೇರೆಲ್ಲಾದರೂ ತಿಂದು ಹೊರಗೆ ಕಾಯಿ ಅಂದರು. ಹೊರಗೆ ಬಂದರೆ ಹತ್ತಿರದ ಸಸ್ಯಾಹಾರಿ ಹೋಟೆಲ್ ಮುಚ್ಚಿತ್ತು. ಆ ರಾತ್ರಿ ಗಾಂಧಿ ಉಪವಾಸವೇ ನಾಟಕ ನೋಡಿದರು. ಗೆಳೆತನ ಮಾತ್ರ ಮುರಿಯಲಿಲ್ಲ. ಗೆಳೆಯರ ಸಮಾಧಾನಕ್ಕೆ ಸೂಟು, ರೇಷ್ಮೆ ಟೋಪಿ, ಡ್ಯಾನ್ಸ್ ಕ್ಲಾಸು, ಪಿಟೀಲು ಎಲ್ಲವನ್ನೂ ಸುಮಾರು ಮೂರು ತಿಂಗಳು ಹಚ್ಚಿಕೊಂಡಿದ್ದೂ ಉಂಟು. ತಟ್ಟೆಯ ವಿಷಯದಲ್ಲಿ ರಾಜಿಯಿಲ್ಲ.

ಆಮೇಲೆ ಕೇಳುವುದು ರೂಢಿಯಾಯಿತು. ಅಮ್ಮನ ಲೆಕ್ಕದಲ್ಲಿ ಮೊಟ್ಟೆಯೂ ಮಾಂಸವೇ ಅಂತ ತೀರ್ಮಾನಿಸಿದ ಮೇಲೆ, ಸಸ್ಯಾಹಾರಿ ಹೋಟೆಲಿನಲ್ಲೂ ಕೇಕು, ಪುಡಿಂಗು ಬಂದರೆ ವಿಚಾರಿಸಲೇಬೇಕಿತ್ತು. ಜೊತೆಗೆ ಲಂಡನ್ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿ ಸೇರಿದರು, ಬೇಸ್‌ವಾಟರ್‌ನಲ್ಲಿ ತಾವೇ ಒಂದು ಸಸ್ಯಾಹಾರಿ ಕ್ಲಬ್ ಶುರುಮಾಡಿದರು.

1891ರ ಜೂನ್‌ನಲ್ಲಿ ಊರಿಗೆ ಹೊರಡುವ ಮುನ್ನ ಸಸ್ಯಾಹಾರಿ ಗೆಳೆಯರಿಗೆ ಬೀಳ್ಕೊಡುಗೆ ಊಟ ಹಾಕಿಸಿದರು. ಎಲ್ಲಿ ಗೊತ್ತಾ? ಅದೇ ಹಾಲ್‌ಬರ್ನ್‌ನಲ್ಲಿ! ಮ್ಯಾನೇಜರ್ ಜೊತೆ ಮುಂಚೆಯೇ ಮಾತಾಡಿ, ಪೂರ್ತಿ ಸಸ್ಯಾಹಾರಿ ಅಡುಗೆ ಮಾಡಿಸಿದ್ದರು. ಸಸ್ಯಾಹಾರಿ ಹೋಟೆಲಿನಲ್ಲಿ ಹೇಗೂ ಸಿಗುತ್ತೆ, ಮಾಂಸಾಹಾರಿ ಹೋಟೆಲಿನಲ್ಲಿ ಯಾಕೆ ಸಿಗಬಾರದು ಅನ್ನೋದು ಅವರ ಪ್ರಶ್ನೆ. ಬಂದವರು ಖುಷಿಯಾಗಿ ಉಂಡರು. ಭಾಷಣಕ್ಕೆ ಎದ್ದ ಗಾಂಧಿ ಮಾತ್ರ ತಯಾರಿ ಮಾಡಿದ್ದೆಲ್ಲ ಮರೆತು, ಒಂದೇ ವಾಕ್ಯದಲ್ಲಿ ವಂದನೆ ಹೇಳಿ ಕೂತುಬಿಟ್ಟರು.

ಅಂದರೆ ಮೂರು ವರ್ಷದಲ್ಲಿ ಸಂಕೋಚವೇನೂ ಹೋಗಿರಲಿಲ್ಲ. ಸಂಕೋಚ ಇಟ್ಟುಕೊಂಡೇ ಕೇಳೋದನ್ನು ಕಲಿತಿದ್ದರು. ಮುಂದಿನ ಸಲ ಟೀಮ್ ಡಿನ್ನರ್‌ಗೆ ಕರೆದಾಗ ನೀವೂ ಹಿಂದಿನ ದಿನವೇ ಹೋಟೆಲಿಗೆ ಒಂದು ಫೋನ್ ಮಾಡಿ. ಬ್ಯಾಗಿನಲ್ಲಿ ಅವಲಕ್ಕಿ ಹೇಗೂ ಇರುತ್ತೆ.