ಅಳಿದ ತಟ್ಟೆ, ಉಳಿದ ಪ್ರತಿ

ಕಳೆದ ಮೇ ತಿಂಗಳ ಒಂದು ರಾತ್ರಿ, ದಿಲ್ಲಿಯ ಬಿಸಿಗಾಳಿ ಇನ್ನೂ ತಣಿಯದ ಹೊತ್ತಿನಲ್ಲಿ, ಕೋಣೆಯಲ್ಲಿ ಟಕ್ ಟಕ್ ಎಂಬ ಸದ್ದು ಕೇಳಿಬಂತು. ಹಲ್ಲಿ ಲೊಚಗುಟ್ಟಿತೆಂದುಕೊಂಡೆ. ಆದರೆ ಸದ್ದು ಬರುತ್ತಿದ್ದುದು ಮೇಜಿನ ಮೇಲಿದ್ದ ನನ್ನ ಒಂಬತ್ತು ವರ್ಷ ಹಳೆಯ ಲ್ಯಾಪ್‌ಟಾಪಿನೊಳಗಿಂದ. ಮಾರನೆಯ ಬೆಳಗ್ಗೆ ಯಂತ್ರ ತೆರೆದುಕೊಳ್ಳಲಿಲ್ಲ. ಕಪ್ಪು ಪರದೆ, ಅದರ ಮೇಲೆ ಡಿಸ್ಕ್ ಕಾಣಿಸುತ್ತಿಲ್ಲವೆಂಬ ಒಂದು ಸಾಲು.

ಅದರೊಳಗಿದ್ದುದರಲ್ಲಿ ಮುಕ್ಕಾಲು ಪಾಲು ಕಳೆದುಹೋದರೂ ಚಿಂತೆಯಿರಲಿಲ್ಲ. ಚಿಂತೆಯಿದ್ದುದು ಅಪ್ಪನ ನೆನಪುಗಳ ಬಗ್ಗೆ. ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು ಮುಳುಗಿದ ಶರಾವತಿ ಕಣಿವೆಯ ಕುಟುಂಬಗಳಲ್ಲಿ ನಮ್ಮದೂ ಒಂದು. ಶಾಲಾ ಮೇಷ್ಟರಾಗಿದ್ದ ಅಪ್ಪ ನಿವೃತ್ತಿಯ ನಂತರ ಆ ಊರಿನ ವಿಷಯವನ್ನು ನಾಲ್ಕು ಉದ್ದನೆಯ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟರು. 2007ರಲ್ಲಿ ರಜೆಯ ಮೇಲೆ ಊರಿಗೆ ಹೋದಾಗ ನಾನು ಅವನ್ನು ಟೈಪ್ ಮಾಡಿಕೊಂಡೆ. ಅಪ್ಪ ಹೋದ ಮೇಲೆ ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದಿತು. ಹೀಗೆ ನೀರಿನಲ್ಲಿ ಹೋದ ಊರು ಕಾಗದಕ್ಕೆ ಬಂದು, ಕಾಗದದಿಂದ ಒಂದು ತಿರುಗುವ ತಟ್ಟೆಗೆ ಬಂದು ಕೂತಿತ್ತು.

ಆ ತಟ್ಟೆಯ ಚರಿತ್ರೆ ಹುಡುಕಿದರೆ ಅಲ್ಲಿಯೂ ಒಬ್ಬ ಮೇಷ್ಟರೇ ಸಿಗುತ್ತಾರೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹೈಸ್ಕೂಲಿನ ವಿಜ್ಞಾನದ ಅಧ್ಯಾಪಕರಾಗಿದ್ದ ರೆನಾಲ್ಡ್ ಜಾನ್ಸನ್, ಉತ್ತರಪತ್ರಿಕೆಗಳಿಗೆ ಅಂಕ ಹಾಕುವ ಯಂತ್ರವೊಂದನ್ನು ಮಾಡಿ ಐಬಿಎಂ ಕಂಪನಿ ಸೇರಿದವರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಅವರ ತಂಡ ರೂಪಿಸಿದ ಮೊದಲ ಹಾರ್ಡ್ ಡಿಸ್ಕ್ 1956ರ ಸೆಪ್ಟೆಂಬರಿನಲ್ಲಿ ಹೊರಬಂತು. ರಾಮಾಕ್ ಎಂಬ ಗಣಕದ ಅಂಗವಾಗಿದ್ದ ಅದರಲ್ಲಿ 24 ಇಂಚು ಅಗಲದ 50 ತಟ್ಟೆಗಳು ಒಂದರ ಮೇಲೊಂದರಂತೆ ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದವು. ತೂಕ ಒಂದು ಟನ್ನಿಗೂ ಹೆಚ್ಚು. ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ, ಇಂದಿನ ಲೆಕ್ಕದಲ್ಲಿ ನಾಲ್ಕು ಮೆಗಾಬೈಟಿಗೂ ಕಡಿಮೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರಲ್ಲಿ ಹಿಡಿಸುವುದೂ ಅನುಮಾನ. ತಟ್ಟೆಗಳಿಗೆ ಕಬ್ಬಿಣದ ಆಕ್ಸೈಡಿನ ಬಣ್ಣವನ್ನು ಸಮನಾಗಿ ಬಳಿಯಲು ಅವರು ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಬಣ್ಣವನ್ನು ಹೆಂಗಸರ ಕಾಲುಚೀಲದಲ್ಲಿ ಸೋಸಿ, ಕಾಗದದ ಲೋಟದಲ್ಲಿ ತುಂಬಿ, ತಿರುಗುತ್ತಿರುವ ತಟ್ಟೆಯ ನಡುವಿಗೆ ಸುರಿಯುತ್ತಿದ್ದರಂತೆ. ಕಾವಲಿಯ ಮೇಲೆ ಹಿಟ್ಟು ಹರಡಿಕೊಳ್ಳುವಂತೆ ಅದು ತಾನಾಗಿ ಅಂಚಿನವರೆಗೆ ಹರಡುತ್ತಿತ್ತು.

ಓದುವ ಮತ್ತು ಬರೆಯುವ ಹೆಡ್ ಎಂಬ ಭಾಗ ತಟ್ಟೆಯನ್ನು ಮುಟ್ಟುವಂತಿಲ್ಲ. ದೂರ ನಿಲ್ಲುವಂತೆಯೂ ಇಲ್ಲ. ಹಾರ್ಡ್ ಡಿಸ್ಕಿನ ಮುಂದಿನ ಕಥೆಯ ಬಹುಭಾಗ ಈ ಅಂತರವನ್ನು ಕಿರಿದಾಗಿಸುವ ಕಥೆಯೇ. ರಾಮಾಕಿನಲ್ಲಿ ಗಾಳಿಯನ್ನು ಒತ್ತಡದಿಂದ ಊದಿ ಹೆಡ್ಡನ್ನು ತೇಲಿಸುತ್ತಿದ್ದರು. 1961ರ ಐಬಿಎಂ 1301 ಡಿಸ್ಕಿನಲ್ಲಿ, ತಿರುಗುವ ತಟ್ಟೆ ಎಬ್ಬಿಸುವ ಗಾಳಿಯ ಮೇಲೆಯೇ ಹೆಡ್ ತೇಲುವಂತಾಯಿತು. 1973ರಲ್ಲಿ ಬಂದ 3340ರಲ್ಲಿ ಹೆಡ್ ಮತ್ತು ತಟ್ಟೆಗಳನ್ನು ಒಂದೇ ಡಬ್ಬಿಯೊಳಗೆ ಮುಚ್ಚಿಟ್ಟರು. ಮೂವತ್ತು ಮೆಗಾಬೈಟಿನ ಎರಡು ಘಟಕಗಳಿದ್ದುದರಿಂದ ‘30-30’ ಎಂದು ಕರೆಯುತ್ತಿದ್ದ ಈ ಯೋಜನೆಗೆ, ಅದೇ ಅಂಕಿಯ ತೋಟಾ ಬಳಸುವ ಬಂದೂಕಿನ ನೆನಪಿನಿಂದ ‘ವಿಂಚೆಸ್ಟರ್’ ಎಂಬ ಅಡ್ಡಹೆಸರು ಬಿತ್ತು. ಅಲ್ಲಿಂದೀಚೆಗೆ ತಟ್ಟೆ ಕುಗ್ಗುತ್ತ ಬಂದು ಲ್ಯಾಪ್‌ಟಾಪಿನಲ್ಲಿ ಎರಡೂವರೆ ಇಂಚಿಗೆ ಇಳಿಯಿತು. ಅಂತರವೂ ಕೆಲವೇ ನ್ಯಾನೋಮೀಟರಿಗೆ ಇಳಿಯಿತು. ನನಗೆ ಕೇಳಿಸಿದ ಟಕ್ ಟಕ್, ತಟ್ಟೆಯ ಮೇಲಿನ ಗುರುತುಗಳು ಸಿಗದೆ ಹೆಡ್ಡಿನ ತೋಳು ಮತ್ತೆ ಮತ್ತೆ ಮೊದಲಿನ ಜಾಗಕ್ಕೆ ಮರಳಿ ಹುಡುಕುತ್ತಿದ್ದ ಸದ್ದು.

ಕೆಡುವ ಮುನ್ನ ಎಚ್ಚರಿಕೆ ಕೊಡುವ ಏರ್ಪಾಟು ಡಿಸ್ಕಿನೊಳಗೇ ಇದೆ. ಅದನ್ನು ಎಷ್ಟು ನಂಬಬಹುದು? ಗೂಗಲ್ ಸಂಸ್ಥೆಯ ಸಂಶೋಧಕರು ತಮ್ಮಲ್ಲಿದ್ದ ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಕೆಟ್ಟುಹೋದ ಡಿಸ್ಕುಗಳಲ್ಲಿ ಶೇ. 36ಕ್ಕೂ ಹೆಚ್ಚಿನವು, ತಾಪಮಾನವೊಂದನ್ನು ಬಿಟ್ಟರೆ, ಯಾವ ದೋಷಸೂಚನೆಯನ್ನೂ ತೋರಿಸಿರಲಿಲ್ಲ. ನನ್ನದು ಒಂದು ರಾತ್ರಿಯ ಸೂಚನೆಯನ್ನಾದರೂ ಕೊಟ್ಟಿತು. ಆಗಲೇ ಯಂತ್ರವನ್ನು ನಿಲ್ಲಿಸಬೇಕಿತ್ತು, ನಾನು ನಿಲ್ಲಿಸಲಿಲ್ಲ.

ನೆಹರು ಪ್ಲೇಸಿನ ಒಂದು ಪುಟ್ಟ ಅಂಗಡಿಯ ಹುಡುಗ ತಳದ ಸ್ಕ್ರೂಗಳನ್ನು ಬಿಚ್ಚಿ, ಮೊದಲು ಬ್ಯಾಟರಿಯ ತಂತಿ ಕಳಚಿ, ಡಿಸ್ಕನ್ನು ಹೊರತೆಗೆದ. ಬೇರೊಂದು ಗಣಕಕ್ಕೆ ಜೋಡಿಸಿ ನೋಡಿದ. ಅದೇ ಟಕ್ ಟಕ್. “ಬ್ಯಾಕಪ್ ಇದೆಯಾ, ಸರ್?” ಎಂದು ಹಿಂದಿಯಲ್ಲಿ ಕೇಳಿದ. ಇದೆ ಎಂದೆ, ಅಷ್ಟೇನೂ ಧೈರ್ಯವಿಲ್ಲದೆ. ಹಳೆಯದರ ಜಾಗದಲ್ಲಿ ಅದೇ ಅಳತೆಯ ಎಸ್‌ಎಸ್‌ಡಿ ಕೂರಿಸಿದ. ಇದರಲ್ಲಿ ತಟ್ಟೆಯಿಲ್ಲ, ತಿರುಗುವುದು ಏನೂ ಇಲ್ಲ, ಇರುವುದು ಚಿಪ್ಪುಗಳು ಮಾತ್ರ. ಹಾಗೆಂದು ಅದು ಚಿರಂಜೀವಿಯಲ್ಲ. ಕೆಟ್ಟಾಗ ಲೊಚಗುಟ್ಟುವುದೂ ಇಲ್ಲ.

ಬ್ಯಾಕಪ್ ಇದ್ದುದು ಅಲಮಾರಿಯೊಳಗಿನ ಹೊರಡಿಸ್ಕಿನಲ್ಲಿ. ಪೆನ್‌ಡ್ರೈವಿನಿಂದ ವಿಂಡೋಸ್ ಹಾಕಿಕೊಂಡು, ಅದನ್ನು ಜೋಡಿಸಿ, ನಕಲು ಶುರುಮಾಡಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಎಲ್ಲವೂ ಬಂದಿತ್ತು, ಹದಿನಾಲ್ಕು ತಿಂಗಳ ಹಿಂದಿನವರೆಗೆ. ಕಚೇರಿಯಲ್ಲಿ ಎರಡು ಸಾಲಿನ ಪತ್ರ ಹೊರಹೋಗುವುದಿದ್ದರೂ ‘ಕಚೇರಿ ಪ್ರತಿ’ ಎಂದು ಒಂದನ್ನು ಫೈಲಿನಲ್ಲಿ ಇರಿಸದೆ ಬಿಡುವವನಲ್ಲ ನಾನು. ಇಪ್ಪತ್ತು ವರ್ಷಗಳ ಆ ಅಭ್ಯಾಸ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ.

ನಮ್ಮ ಸಾಹಿತ್ಯ ಚರಿತ್ರೆ ಓದಿದವರಿಗೆ ಇಲ್ಲಿ ಅತ್ತಿಮಬ್ಬೆ ನೆನಪಾಗದಿರುವುದಿಲ್ಲ. ಹತ್ತನೆಯ ಶತಮಾನದಲ್ಲಿ ಆಕೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳು. ಶಾಲೆಯಲ್ಲಿ ಇದನ್ನು ದಾನದ ದೃಷ್ಟಾಂತವಾಗಿ ಓದಿದ್ದೆವು; ದಾನಚಿಂತಾಮಣಿ ಎಂಬ ಬಿರುದಿಗೂ ಅದು ಹೊಂದುತ್ತಿತ್ತು. ಹೊರಡಿಸ್ಕಿನ ಮುಂದೆ ಕೂತಿದ್ದ ಆ ಬೆಳಗ್ಗೆ ಅದರ ಇನ್ನೊಂದು ಮುಖ ಕಂಡಿತು. ಹುಳು, ಬೆಂಕಿ, ಮಳೆಗಾಲದ ತೇವ ಇವುಗಳಿಗೆ ತುತ್ತಾಗುವ ಓಲೆಯ ಮೇಲಿನ ಕಾವ್ಯ ಒಂದೇ ಕಡೆ ಇದ್ದರೆ ಉಳಿಯುವ ಭರವಸೆಯಿಲ್ಲ. ಹಲವು ಊರು, ಹಲವು ಬಸದಿಗಳಲ್ಲಿ ಚದುರಿದ್ದರೆ ಎಲ್ಲೋ ಒಂದಾದರೂ ಉಳಿದೀತು. ಅದೇ ಪೊನ್ನನ ‘ಭುವನೈಕರಾಮಾಭ್ಯುದಯ’ ಇಂದು ನಮಗೆ ಸಿಕ್ಕಿಲ್ಲ; ‘ಶಾಂತಿಪುರಾಣ’ ಸಿಕ್ಕಿದೆ. ಕಾರಣ ಆ ಸಾವಿರ ಪ್ರತಿಗಳೊಂದೇ ಎಂದು ಹೇಳಲಾಗದು. ಆದರೂ ಒಬ್ಬನೇ ಕವಿಯ ಎರಡು ಕೃತಿಗಳಿಗೆ ಒದಗಿದ ಈ ಎರಡು ಗತಿಗಳನ್ನು ನೋಡಿದಾಗ ಸುಮ್ಮನಿರುವುದು ಕಷ್ಟ.

ಪ್ರತಿ ಉಳಿದರೂ ಓದಲು ಬಾರದೆ ಹೋಗಬಹುದು. ಅಪ್ಪನ ಬರಹದ ಕಡತ ತೆರೆದಾಗ ಕನ್ನಡ ಕಾಣಲಿಲ್ಲ. ತಲೆಬುಡವಿಲ್ಲದ ಲ್ಯಾಟಿನ್ ಲಿಪಿಯ ಚಿಹ್ನೆಗಳ ಸಾಲು ಕಂಡಿತು. ಒಂದು ಕ್ಷಣ ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು: 2007ರಲ್ಲಿ ಟೈಪ್ ಮಾಡಿದ್ದು ನುಡಿ ತಂತ್ರಾಂಶದಲ್ಲಿ, ಅದರ ಹಳೆಯ ಫಾಂಟಿನಲ್ಲಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಜಾಗ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಫಾಂಟೂ ಬಂದಿತ್ತು. ಆದರೂ ನಮ್ಮಲ್ಲಿ ಬಹುಮಂದಿ ಬಹಳ ಕಾಲ ಬರೆದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿದ ಫಾಂಟುಗಳಲ್ಲಿ. ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಆ ವೇಷ ಕಳಚಿಬೀಳುತ್ತದೆ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದೆ. ಕೆಲವು ಒತ್ತಕ್ಷರಗಳು ಪಲ್ಲಟಗೊಂಡಿದ್ದವು. ಅವನ್ನು ಕೈಯಿಂದಲೇ ತಿದ್ದಬೇಕಾಯಿತು. ಓಲೆಯಿಂದ ಓಲೆಗೆ ಇಳಿಸುವಾಗ ಲಿಪಿಕಾರರ ಕೈಯಲ್ಲಿ ಆಗುತ್ತಿದ್ದ ತಪ್ಪುಗಳ ಸಂತಾನವೇ ಇವು. ತಮ್ಮ ಹಳೆಯ ನುಡಿ, ಬರಹ ಕಡತಗಳನ್ನು ಹಾಗೆಯೇ ಇಟ್ಟುಕೊಂಡಿರುವ ಗೆಳೆಯರು ಈ ವಾರವೇ ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಹದಿನಾಲ್ಕು ತಿಂಗಳಲ್ಲಿ ಹೋದದ್ದೇನೆಂದರೆ, ಮುಳುಗಿದ ಊರಿನ ಮನೆಗಳ ಪಟ್ಟಿ. ಅಪ್ಪ ಅದನ್ನು ಬರೆದಿರಲಿಲ್ಲ. ಎಂಬತ್ತೆರಡರ ಸೋದರತ್ತೆಗೆ ಫೋನ್ ಮಾಡಿ ಭಾನುವಾರಗಳಂದು ಬರೆದುಕೊಂಡಿದ್ದೆ: ಯಾವ ಮನೆ, ಯಾರದು, ಅಂಗಳ ಯಾವ ದಿಕ್ಕಿಗೆ, ನೀರು ಏರಿದಾಗ ಅವರು ಹೋದದ್ದು ಎಲ್ಲಿಗೆ. ನೇರವಾಗಿ ಲ್ಯಾಪ್‌ಟಾಪಿಗೇ ಬರೆದದ್ದರಿಂದ ಕಾಗದದಲ್ಲಿ ಒಂದು ಚೂರೂ ಇಲ್ಲ. ನಾಚಿಕೆಯಿಂದಲೇ ಮತ್ತೆ ಫೋನ್ ಮಾಡಿದೆ.

“ಹೋದ ವರ್ಷವೇ ಎಲ್ಲಾ ಹೇಳಿದ್ನಲ್ಲ ಮಾರಾಯ, ಬರ್ಕೊಳ್ಳಲಿಲ್ವೇನೋ?” ಎಂದರು.

“ಬರ್ಕೊಂಡಿದ್ದೆ ಅತ್ತೆ, ಹೋಯ್ತು.”

“ಅದೂ ಹೋಯ್ತಾ?” ಎಂದು ನಕ್ಕು, ಮೇಲುಕೇರಿಯಿಂದ ಮತ್ತೆ ಶುರುಮಾಡಿದರು. ಈ ಸಲ ಕಾಗದದ ಮೇಲೆ ಪೆನ್ನಿನಿಂದ ಬರೆದುಕೊಂಡೆ. ಮೂರು ಭಾನುವಾರ ಹಿಡಿಯಿತು. ಕೊನೆಗೆ ಎಣಿಸಿದರೆ 21 ಮನೆ. ಹಿಂದಿನ ಪಟ್ಟಿಯಲ್ಲಿ 23 ಇದ್ದವೆಂದು ನನಗೆ ಚೆನ್ನಾಗಿ ನೆನಪಿದೆ. ಆ ಎರಡು ಯಾರವೆಂಬುದು ಮಾತ್ರ ನೆನಪಿಲ್ಲ. ಕೇಳಿದೆ. ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಳ್ಳದಾಚೆ ಇನ್ನೊಂದು ಮನೆ ಇತ್ತೇನೋ, ನೆನಪು ಮಾಡಿಕೊಂಡು ಹೇಳುತ್ತೇನೆ, ಬರುವ ಭಾನುವಾರ ಫೋನ್ ಮಾಡು ಎಂದರು.